ಅಜೈಲ್ ತಂಡಕಾರ್ಯ ಮತ್ತು ಚಿಕ್ಕಪಡಸಲಗಿ ಬ್ಯಾರೇಜ್

ಅಜೈಲ್ ಎಂಬುದು ದೊಡ್ಡ ಕೆಲಸವನ್ನು ಕಿರುಹಂತಗಳಾಗಿ ವಿಂಗಡಿಸಿ, ಪ್ರತಿ ಹಂತದ ಫಲವನ್ನು ಬಳಕೆದಾರರೊಂದಿಗೆ ಪರಿಶೀಲಿಸಿ ಮುಂದಿನದನ್ನು ತಿದ್ದಿಕೊಳ್ಳುವ ತಂಡಕಾರ್ಯ ವಿಧಾನವಾಗಿದ್ದು, 2001ರಲ್ಲಿ ಅಮೆರಿಕದಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ತಜ್ಞರು ಸಿದ್ಧಪಡಿಸಿದ ಘೋಷಣೆಯಿಂದ ಈ ಹೆಸರು ನೆಲೆಗೊಂಡಿತು. ತಂತ್ರಾಂಶದ ಹೊರಗೆ ಇದರ ತಿರುಳಿಗೆ ಹತ್ತಿರವಾದ, ಈ ಹೆಸರಿಗಿಂತ ಹಳೆಯದಾದ ನಿದರ್ಶನವೊಂದು ಕರ್ನಾಟಕದ ಜಮಖಂಡಿ ಸೀಮೆಯಲ್ಲಿದೆ. ರೈತ ಮುಖಂಡ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಕೃಷ್ಣಾ ತೀರದ ರೈತರು ಸ್ವಂತ ವಂತಿಗೆ ಹಾಗೂ ಶ್ರಮದಾನದಿಂದ 1989ರಲ್ಲಿ ಚಿಕ್ಕಪಡಸಲಗಿಯ ಬಳಿ ಬ್ಯಾರೇಜನ್ನು, ಅಂದರೆ ನದಿಯ ನೀರನ್ನು ಬೇಸಿಗೆಗಾಗಿ ತಡೆದಿಡುವ ಅಡ್ಡಗಟ್ಟೆಯನ್ನು ಕಟ್ಟಿದರು. ಅದು ಶ್ರಮಬಿಂದು ಸಾಗರವೆಂದು ಪ್ರಸಿದ್ಧವಾಯಿತು. ಬಳಕೆದಾರರೇ ನಿರ್ಮಾತೃಗಳಾದದ್ದು ಇಲ್ಲಿನ ನಿಜವಾದ ಬಲ. ಮುಂದೆ ಆಲಮಟ್ಟಿ ಅಣೆಕಟ್ಟಿನ ಹಿನ್ನೀರನ್ನು ಪಂಪುಗಳಿಂದ ಎತ್ತಿ ಅದೇ ಬ್ಯಾರೇಜನ್ನು ತುಂಬಿಸುವ ಕ್ರಮವನ್ನೂ ಅವರು ರೂಢಿಸಿಕೊಂಡರು. ಆದರೂ ನದಿಯೊಳಗಿನ ಅಡಿಪಾಯವನ್ನು ನಡುವೆ ಬದಲಿಸಲಾಗದ ಕಾರಣ, ಇಂತಹ ಕಾಮಗಾರಿಗಳಲ್ಲಿ ಅಜೈಲ್ ವಿಧಾನವು ಪೂರ್ವಯೋಜನೆಗೆ ಪರ್ಯಾಯವಾಗಲಾರದು.