ಕನ್ನಡವನ್ನು ದಡ ಸೇರಿಸಿದ ಪುಟ್ಟ ಸ್ಕ್ರಿಪ್ಟ್‌ಗಳು

ಅಂಕೋಲಾದ ಕಡಲ ಬದಿಯ ಮೀನುಗಾರರ ಊರು ಕೇಣಿ. ಕಾಗದದ ಮೇಲೆ ಈ ಹೆಸರು ಎರಡೇ ಅಕ್ಷರ. ಕಂಪ್ಯೂಟರಿನ ಯೂನಿಕೋಡ್ ಪಟ್ಟಿಯಲ್ಲಿ ಅದಕ್ಕೆ ನಾಲ್ಕು ಸಂಕೇತ ಬೇಕು: ಕ, ದೀರ್ಘ ಸೇರಿದ ಏತ್ವ, ಣ, ಗುಡಿಸು. ಏತ್ವವನ್ನೂ ದೀರ್ಘವನ್ನೂ ಬಿಡಿಬಿಡಿಯಾಗಿ ಇಡಲೂ ಯೂನಿಕೋಡ್ ಅವಕಾಶ ಕೊಟ್ಟಿದೆ. ಆಗ ಸಂಕೇತ ಐದಾಗುತ್ತವೆ. ಪರದೆಯ ಮೇಲೆ ಎರಡೂ ಒಂದೇ ಕೇಣಿ. ಆದರೆ ಸಂಕೇತಗಳನ್ನು ಇದ್ದ ಹಾಗೆಯೇ ಹೋಲಿಸುವ ತಂತ್ರಾಂಶಕ್ಕೆ ಅವು ಬೇರೆ ಬೇರೆ ಊರು. ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಪೈಥಾನ್ ಭಾಷೆಯಲ್ಲಿ ಇದಕ್ಕೆ ಮದ್ದು ಒಂದೇ ಸಾಲು: ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಏಕರೂಪಕ್ಕೆ ತರುವುದು.

ಇಂಥ ಒಂದೆರಡು ಸಾಲಿನ ಸ್ಕ್ರಿಪ್ಟ್‌ಗಳನ್ನು ಕನ್ನಡ ಪಠ್ಯದೊಂದಿಗೆ ಕೆಲಸ ಮಾಡುವ ಪ್ರೋಗ್ರಾಮರ್‌ಗಳು ಕೈಗೆ ಸಿಗುವ ಹಾಗೆ ಕೂಡಿಟ್ಟುಕೊಂಡಿರುತ್ತಾರೆ. ದೊಡ್ಡ ಕಂಪನಿಗಳ ಗಮನ ಇತ್ತ ಹರಿಯುವ ಮೊದಲೇ ಕಂಪ್ಯೂಟರಿನಲ್ಲಿ ಕನ್ನಡ ನಿಂತದ್ದು ಬಹುಪಾಲು ಇಂಥ ಕಿರು ಸಾಧನಗಳ ಬಲದಿಂದ.

ಮೊದಲ ತೊಡಕು ಕೀಲಿಮಣೆಯದು. ಮಂಗಳೂರಿನ ಬಳಿಯ ಕಿನ್ನಿಕಂಬಳದ ಕೆ. ಪಿ. ರಾವ್ ಫೋಟೋ ಟೈಪ್‌ಸೆಟ್ಟಿಂಗ್ ಕ್ಷೇತ್ರದಲ್ಲಿ ಪಳಗಿದವರು. ಅಕ್ಷರದ ಆಕಾರವನ್ನು ಬದಿಗಿಟ್ಟು ಉಚ್ಚಾರಣೆಯ ಜಾಡು ಹಿಡಿದರೆ ಇಂಗ್ಲಿಷ್ ಕೀಲಿಮಣೆಯಲ್ಲೇ ಇಡೀ ಕನ್ನಡ ಹಿಡಿಸುತ್ತದೆ ಎಂಬುದನ್ನು ಅವರು ಮಾಡಿ ತೋರಿಸಿದರು. ಅವರ ವಿನ್ಯಾಸದಲ್ಲಿ ಕೇಣಿ ಬರೆಯಲು ಕೆ, ಶಿಫ್ಟ್ ಇ, ಶಿಫ್ಟ್ ಎನ್, ಐ ಒತ್ತಿದರೆ ಮುಗಿಯಿತು. ಒತ್ತಕ್ಷರ ಬೇಕಾದಲ್ಲಿ ಎರಡು ವ್ಯಂಜನಗಳ ನಡುವೆ ಎಫ್. ತಮ್ಮ ತಂತ್ರಾಂಶಕ್ಕೆ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ ‘ಸೇಡಿಯಾಪು’ ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಮುಂದೆ ಸರ್ಕಾರ ಒಪ್ಪಿದ ಶಿಷ್ಟ ಕೀಲಿಮಣೆಗೆ ಇದೇ ವಿನ್ಯಾಸ ಆಧಾರವಾಯಿತು.

ಎರಡನೆಯ ತೊಡಕು ಸಂಕೇತಗಳದು. ಭಾರತೀಯ ಲಿಪಿಗಳಿಗೆಂದು 1991ರಲ್ಲಿ ಇಸ್ಕಿ ಎಂಬ ರಾಷ್ಟ್ರೀಯ ಶಿಷ್ಟತೆ ಬಂತು. ಅದೇ ವರ್ಷ ಯೂನಿಕೋಡಿನ ಮೊದಲ ಆವೃತ್ತಿಯೂ ಬಂದು ಕನ್ನಡಕ್ಕೆ 128 ಮನೆಗಳ ಒಂದು ಸಾಲು ಮೀಸಲಾಯಿತು. ಡಿಟಿಪಿ ಅಂಗಡಿಗಳು, ಪತ್ರಿಕಾ ಕಚೇರಿಗಳು ಮಾತ್ರ ಅಷ್ಟು ಕಾಯುವ ಹಾಗಿರಲಿಲ್ಲ. ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲೇ ಕನ್ನಡದ ತುಣುಕುಗಳನ್ನು ಕೂರಿಸಿದವು. ಒಬ್ಬರ ಫಾಂಟ್ ಇನ್ನೊಬ್ಬರಿಗೆ ಹೊಂದುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ ‘ಬರಹ’ ಬಂತು. ಬಳಿಕ ಸರ್ಕಾರದ ಬೆಂಬಲದೊಂದಿಗೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕನ್ನಡ ಟೈಪಿಂಗ್ ಮನೆಮನೆಗೂ ಸರ್ಕಾರಿ ಕಚೇರಿಗಳಿಗೂ ಹೊಕ್ಕದ್ದು ಇವೆರಡರಿಂದ.

ಆ ಕಾಲದ ಕಡತವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಕಲಸುಮೇಲೋಗರ. ನುಡಿಯ ಸಂಕೇತಗಳಲ್ಲಿ ‘ಕ’ ಕೂತಿರುವುದು ಇಂಗ್ಲಿಷಿನ ಪಿ ಮನೆಯಲ್ಲಿ, ‘ನ’ ಕೂತಿರುವುದು ಪೌಂಡ್ ನಾಣ್ಯದ ಗುರುತಿನ ಮನೆಯಲ್ಲಿ. ತಲಕಟ್ಟಿಗೆ ಬೇರೆಯದೇ ಮನೆ.

ಇದನ್ನು ಯೂನಿಕೋಡಿಗೆ ತರುವ ಪರಿವರ್ತಕ ಈ ಇಡೀ ಸಂಗ್ರಹದಲ್ಲೇ ಹೆಚ್ಚು ಉಪಯೋಗಕ್ಕೆ ಬಂದ ಸಾಧನ. ಅರವಿಂದ ವಿ. ಕೆ. ಪೈಥಾನಿನಲ್ಲಿ ಬರೆದು ಮುಕ್ತವಾಗಿ ಬಿಟ್ಟ ಸ್ಕ್ರಿಪ್ಟ್ ಇದರ ಒಳ್ಳೆಯ ಮಾದರಿ. ಒಂದು ಸಂಕೇತಕ್ಕೆ ಒಂದು ಅಕ್ಷರ ಎಂದು ಬದಲಿಸುತ್ತ ಹೋದರೆ ಇಲ್ಲಿ ಕೆಲಸ ಕೆಡುತ್ತದೆ. ‘ಯ’ ನಾಲ್ಕು ಸಂಕೇತಗಳಿಂದಾದದ್ದು. ಅವುಗಳಲ್ಲಿ ಮೊದಲನೆಯದು ಒಂಟಿಯಾಗಿ ಬಂದರೆ ಅನುಸ್ವಾರ. ಹಾಗಾಗಿ ಮೊದಲು ನಾಲ್ಕು ಸಂಕೇತಗಳ ಗುಂಪು ಪಟ್ಟಿಯಲ್ಲಿದೆಯೇ ಎಂದು ನೋಡಬೇಕು. ಇಲ್ಲವಾದರೆ ಮೂರು, ಆಮೇಲೆ ಎರಡು, ಕೊನೆಗೆ ಒಂದು. ಇನ್ನೂ ಪೇಚಿನದು ಅರ್ಕಾವೊತ್ತು. ‘ಸೂರ್ಯ’ ಎಂಬಲ್ಲಿ ನುಡಿ ಅದನ್ನು ಕಣ್ಣಿಗೆ ಕಾಣುವ ಹಾಗೆ ಕಟ್ಟಕಡೆಗೆ ಇಡುತ್ತದೆ. ಯೂನಿಕೋಡ್ ಉಚ್ಚಾರಣೆಯ ಕ್ರಮದಲ್ಲಿ ‘ರ’ವನ್ನು ‘ಯ’ಕ್ಕಿಂತ ಮೊದಲು ಕೇಳುತ್ತದೆ. ಸ್ಕ್ರಿಪ್ಟ್ ಮುಂದೆ ಹೋಗಿ ಅರ್ಕಾವೊತ್ತು ಕಂಡ ಕೂಡಲೇ ಹಿಂದಿರುಗಿ ಅದನ್ನು ಸರಿಯಾದ ಜಾಗದಲ್ಲಿ ಸೇರಿಸಬೇಕು.

ವಿಂಡೋಸ್ ಎಕ್ಸ್‌ಪಿ 2001ರಲ್ಲಿ ತುಂಗಾ ಫಾಂಟಿನೊಂದಿಗೆ ಬಂದ ಮೇಲೆ ಯೂನಿಕೋಡ್ ಕನ್ನಡ ಸಾಮಾನ್ಯ ಬಳಕೆದಾರರ ಪರದೆಯನ್ನೂ ಮುಟ್ಟಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಶುರುವಾಯಿತು. ಲಿನಕ್ಸ್‌ಗೆ ಕೆ. ಪಿ. ರಾವ್ ವಿನ್ಯಾಸ ಬಂತು. ಅರವಿಂದರೇ ರೂಪಿಸಿದ ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ ಭಂಡಾರ ಸೇರಿದವು.

ಯೂನಿಕೋಡ್ ಬಂದ ಮೇಲೂ ಕೌತುಕಗಳು ಮುಗಿಯಲಿಲ್ಲ. ‘ರ‍್ಯಾಂಕ್’ ಎಂಬಲ್ಲಿ ರ ಉಳಿದು ಯ ಒತ್ತಾಗಬೇಕಾದರೆ ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಜೋಡಣೆಯ ಸಂಕೇತ ಇರಬೇಕು. ಅದನ್ನು ಕಸವೆಂದು ಅಳಿಸುವ ತಂತ್ರಾಂಶದ ಕೈಗೆ ಸಿಕ್ಕರೆ ಪದ ‘ರ್ಯಾಂಕ್’ ಆಗಿಬಿಡುತ್ತದೆ. ‘ವಿಕಟಕವಿ’ಯ ಪಾಡೂ ಹೀಗೆಯೇ. ಓದುವವರಿಗೆ ಅದು ಎತ್ತಲಿಂದ ಓದಿದರೂ ಒಂದೇ. ಏಳು ಸಂಕೇತಗಳನ್ನು ಹಿಂದುಮುಂದಾಗಿಸಿ ನೋಡುವ ಪ್ರೋಗ್ರಾಂ ಮಾತ್ರ ಗುಡಿಸನ್ನು ‘ವಿ’ಯಿಂದ ಕಿತ್ತು ಮೊದಲಿಗಿಟ್ಟು, ಅಲ್ಲ ಎನ್ನುತ್ತದೆ. ಸಂಕೇತ ಬೇರೆ, ಅಕ್ಷರ ಬೇರೆ ಎಂಬ ಪಾಠವನ್ನು ಹೊಸಬರಿಗೆ ಕಲಿಸಲು ಇದಕ್ಕಿಂತ ಚಿಕ್ಕ ಉದಾಹರಣೆ ಸಿಗದು.

ಕಳೆದ ದಶಕದಲ್ಲಿ ಈ ಸಾಧನಗಳ ಮೇಲೆ ದೊಡ್ಡ ಕಟ್ಟಡಗಳೆದ್ದವು. ಸಂಚಯ ತಂಡದ ‘ವಚನ ಸಂಚಯ’ 20 ಸಾವಿರಕ್ಕೂ ಹೆಚ್ಚು ವಚನಗಳನ್ನು ಪದಪದವಾಗಿ ಹುಡುಕುವಂತೆ ಮಾಡಿತು. ವಿ. ಕೃಷ್ಣ ದಶಕಗಳ ಕಾಲ ಒಬ್ಬರೇ ಕೂಡಿಸಿದ 1.5 ಲಕ್ಷಕ್ಕೂ ಹೆಚ್ಚು ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೈಲಾಶ್ ನಾಧ್ 2019ರಲ್ಲಿ ‘ಅಲರ್’ ಎಂಬ ಹೆಸರಿನಲ್ಲಿ ಮುಕ್ತ ದತ್ತಾಂಶವಾಗಿ ಹೊರತಂದರು. ಅದೇ ವರ್ಷ ವಿನಯ್ ಪ್ರಭು ಕೈಬರಹದ ಕನ್ನಡ ಅಂಕಿಗಳ ‘ಕನ್ನಡ-ಎಂನಿಸ್ಟ್’ ಸಂಗ್ರಹ ಪ್ರಕಟಿಸಿದರು. ಯಂತ್ರಕಲಿಕೆಯ ತರಬೇತಿಗೆ 60 ಸಾವಿರ, ಪರೀಕ್ಷೆಗೆ 10 ಸಾವಿರ ಚಿತ್ರಗಳು ಅದರಲ್ಲಿವೆ.

ನಾಧ್ ಬರೆದ ‘ಕೆಎನ್‌ಫೋನ್’ ಎಂಬ ಪುಟ್ಟ ಸಾಧನ ಉಚ್ಚಾರಣೆಯ ಆಧಾರದ ಮೇಲೆ ಪ್ರತಿ ಪದಕ್ಕೂ ಮೂರು ಗುರುತು ಕೊಡುತ್ತದೆ: ಒಂದು ಸಡಿಲ, ಒಂದು ನಡುವಿನದು, ಒಂದು ಬಿಗಿ. ಕಾಗುಣಿತ ತುಸು ತಪ್ಪಿದರೂ ಸಡಿಲ ಗುರುತಿನ ನೆರವಿನಿಂದ ಪದ ಸಿಗುತ್ತದೆ.

ಕರಾವಳಿಗೆ ಇದರಲ್ಲಿ ನೇರ ಪಾಲಿದೆ. ಕಾರವಾರ, ಅಂಕೋಲಾ ಕಡೆ ಕನ್ನಡದ ಜೊತೆಗೇ ಬದುಕಿರುವ ಕೊಂಕಣಿ 1992ರಲ್ಲಿ ಸಂವಿಧಾನದ ಎಂಟನೇ ಪರಿಚ್ಛೇದ ಸೇರಿತು. ಅದನ್ನು ಕನ್ನಡ ಲಿಪಿಯಲ್ಲಿ ಬರೆದಾಗ ಬಳಕೆಯಾಗುವುದು ಅದೇ 128 ಮನೆಗಳು. ಹಾಗಾಗಿ ಕನ್ನಡದ ಕೀಲಿಮಣೆ, ಫಾಂಟ್, ಪರಿವರ್ತಕ, ಏಕರೂಪಕ್ಕೆ ತರುವ ಸ್ಕ್ರಿಪ್ಟ್ ಎಲ್ಲವೂ ಕೊಂಕಣಿಗೆ ಇದ್ದ ಹಾಗೆಯೇ ಒದಗುತ್ತವೆ. ಒದಗದೇ ಇರುವುದು ಉಚ್ಚಾರಣೆ ಬಲ್ಲ ಹುಡುಕಾಟ. ಕೆಎನ್‌ಫೋನ್‌ಗೂ ಮೊದಲು ನಾಧ್ ಮಲಯಾಳಕ್ಕೆ ಇಂಥದ್ದೇ ಸಾಧನ ಬರೆದಿದ್ದರು. ಕನ್ನಡದ್ದು ಅದರ ಮಾದರಿಯಲ್ಲಿ ಮೂಡಿತು. ಕೋಡ್ ಮುಕ್ತವಾಗಿದೆ. ಕಾರವಾರದ ಕೊಂಕಣಿಯ ಅನುನಾಸಿಕ ಸ್ವರಗಳನ್ನು ಕಿವಿಯಾರೆ ಬಲ್ಲ ಪ್ರೋಗ್ರಾಮರ್ ಒಬ್ಬರು ಅದರ ಧ್ವನಿಪಟ್ಟಿಯನ್ನು ತಿದ್ದಲು ಕೂತರೆ ಕೊಂಕಣಿಯ ಆವೃತ್ತಿಗೂ ದಾರಿ ತೆರೆಯುತ್ತದೆ.