ರಿಪೋರ್ಟ್ ನಾರ್ಮಲ್, ಆದರೂ ದಣಿವು!

ನಮ್ಮ ರಾಯಬಾಗ ಕಡೆ ಯಾರಿಗಾದರೂ ದೊಡ್ಡ ಕಾಯಿಲೆ ಬಂತು ಅಂದ್ರೆ ಮೊದಲು ಕೇಳೋದು, "ಮಿರಜಕ್ಕ ತೋರಿಸಿದ್ರೇನು?" ಅಂತ. 1894ರಲ್ಲಿ ಡಾ. ವಾನ್ಲೆಸ್ ಅಲ್ಲಿ ಮಿಷನ್ ಆಸ್ಪತ್ರೆ ತೆರೆದರು. ಅಲ್ಲಿಂದ ಅದು ದವಾಖಾನೆಗಳ ಊರಾಗಿಯೇ ಬೆಳೆಯಿತು. ಕೀಲುವಾತಕ್ಕೆ ತೋರಿಸಿಕೊಂಡು ಬಂದವರ ಕೈಯಲ್ಲಿ ಸಾಮಾನ್ಯವಾಗಿ ಒಂದು ರಿಪೋರ್ಟ್ ಇರುತ್ತೆ: ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್. ಆದರೆ ಅವರು ಹೇಳೋ ದಣಿವು ಆ ಕಾಗದದಲ್ಲಿ ಎಲ್ಲೂ ಇರಲ್ಲ. ಯಾಕೆ ಅಂತ ಹುಡುಕಿದಾಗ ಒಂದು ಸ್ವಾರಸ್ಯಕರ ಇತಿಹಾಸ ಸಿಕ್ಕಿತು.

ಸುಮಾರು 7-8ನೇ ಶತಮಾನದ 'ಮಾಧವ ನಿದಾನ'ದಲ್ಲಿ ಆಮವಾತ ಅನ್ನೋ ರೋಗದ ವರ್ಣನೆ ಇದೆ. ಇಂದಿನ ರುಮಟಾಯ್ಡ್ ಕೀಲುವಾತವನ್ನು ಹೋಲುವ ಇದರ ಲಕ್ಷಣಗಳಲ್ಲಿ ಮೈನೋವು, ಜ್ವರದ ಜೊತೆಗೆ ಆಲಸ್ಯ, ಮೈಭಾರ ಕೂಡ ಇವೆ. ಅಂದ್ರೆ ದಣಿವು ಆಗಲೇ ಪಟ್ಟಿಯಲ್ಲಿತ್ತು!

ಆಮೇಲೆ ಬಂದದ್ದು ಅಳತೆಯ ಕಾಲ. 1921ರಲ್ಲಿ ಸ್ವೀಡನ್ನಿನ ವೆಸ್ಟರ್‌ಗ್ರೆನ್, ಕೊಳವೆಯಲ್ಲಿ ಕೆಂಪು ರಕ್ತಕಣ ಗಂಟೆಗೆ ಎಷ್ಟು ಮಿಲಿಮೀಟರ್ ಇಳಿಯುತ್ತೆ ಅಂತ ಅಳೆಯೋ ವಿಧಾನ ಕೊಟ್ಟ. ಅದೇ ಇಎಸ್‌ಆರ್. 1930ರಲ್ಲಿ ನ್ಯೂಯಾರ್ಕಿನಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಸಿಆರ್‌ಪಿ ಸಿಕ್ಕಿತು. 1940ರಲ್ಲಿ ನಾರ್ವೆಯ ವಾಲರ್ ರುಮಟಾಯ್ಡ್ ಫ್ಯಾಕ್ಟರ್ ಗುರುತಿಸಿದ. ಇವೆಲ್ಲ ದೊಡ್ಡ ಸಾಧನೆಗಳೇ. ಆದರೆ ದಣಿವಿಗೆ ಇಂಥ ಕೊಳವೆ ಇಲ್ಲವಲ್ಲ? ಹಾಗಾಗಿ ಅದು ನಿಧಾನಕ್ಕೆ ಲೆಕ್ಕದಿಂದ ಹೊರಗೆ ಹೋಯ್ತು.

ಹಾಗಂತ ದಣಿವು ಬರೀ ಮನಸ್ಸಿನ ಭ್ರಮೆ ಅಲ್ಲ. ಜ್ವರ ಬಂದ ಎಮ್ಮೆ ಮೇವು ಬಿಟ್ಟು ಮೂಲೆ ಹಿಡಿಯೋದನ್ನು ನಾವೆಲ್ಲ ನೋಡಿದ್ದೇವೆ. ಪಶುವೈದ್ಯ ವಿಜ್ಞಾನಿ ಬೆಂಜಮಿನ್ ಹಾರ್ಟ್ 1988ರಲ್ಲಿ ಇದನ್ನೇ ವಿವರಿಸಿದ: ಸೋಂಕಿನ ವಿರುದ್ಧ ಹೋರಾಡುವಾಗ ಶಕ್ತಿ ಉಳಿಸೋಕೆ ದೇಹವೇ ಹೂಡುವ ಉಪಾಯ ಇದು. ರೋಗನಿರೋಧಕ ಕಣಗಳು ಬಿಡುವ ಐಎಲ್-6, ಟಿಎನ್‌ಎಫ್‌ನಂಥ ಸಂದೇಶವಾಹಕಗಳು ಮೆದುಳಿಗೂ "ಮಲಗು" ಅಂತ ಹೇಳುತ್ತವೆ. ದೇಹ ತನ್ನ ಮೇಲೇ ತಿರುಗಿಬೀಳುವ ಆಟೋಇಮ್ಯೂನ್ ಕಾಯಿಲೆಯಲ್ಲಿ ಈ ಸಂದೇಶ ಸುಲಭಕ್ಕೆ ನಿಲ್ಲೋದಿಲ್ಲ.

ಆದರೆ ತಮಾಷೆ ನೋಡಿ, ಇಎಸ್‌ಆರ್, ಸಿಆರ್‌ಪಿಗೂ ದಣಿವಿಗೂ ನಂಟು ತೀರಾ ಸಡಿಲ. ನೋವು, ನಿದ್ದೆಗೇಡು, ರಕ್ತಹೀನತೆ, ಥೈರಾಯ್ಡ್, ಖಿನ್ನತೆ ಎಲ್ಲವೂ ಇದರಲ್ಲಿ ಪಾಲುದಾರರು. ಬಯೋಲಾಜಿಕ್ ಅನ್ನೋ ದುಬಾರಿ ಔಷಧಿಗಳೂ ದಣಿವನ್ನು ಸ್ವಲ್ಪಮಟ್ಟಿಗೆ ಮಾತ್ರ ಇಳಿಸುತ್ತವೆ ಅಂತ 2016ರ ಕಾಕ್ರೇನ್ ಸಮೀಕ್ಷೆ ಹೇಳಿತು. ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ, ಲಾಗ್‌ನಲ್ಲಿ ಎರರ್ ಇಲ್ಲ ಅಂದ ಮಾತ್ರಕ್ಕೆ ಬಗ್ ಇಲ್ಲ ಅಂತಲ್ಲ :)

ದಣಿವನ್ನು ಮತ್ತೆ ಲೆಕ್ಕಕ್ಕೆ ತಂದವರು ಯಾರು ಗೊತ್ತಾ? ರೋಗಿಗಳೇ! ಕೀಲುರೋಗ ಸಂಶೋಧನೆಯಲ್ಲಿ ಏನೇನು ಅಳೆಯಬೇಕು ಅಂತ ನಿರ್ಧರಿಸುವ ಓಮೆರಾಕ್ಟ್ ಅನ್ನೋ ಅಂತಾರಾಷ್ಟ್ರೀಯ ಗುಂಪು, 2002ರ ಸಭೆಗೆ ಮೊದಲ ಬಾರಿ ರೋಗಿಗಳನ್ನೂ ಕರೆಯಿತು. ಅವರು ಎತ್ತಿದ ಮುಖ್ಯ ಮಾತೇ ದಣಿವು. 2007ರ ಹೊತ್ತಿಗೆ ರುಮಟಾಯ್ಡ್ ಅಧ್ಯಯನಗಳಲ್ಲಿ ದಣಿವನ್ನೂ ಅಳೆಯಬೇಕು ಅಂತ ಶಿಫಾರಸು ಬಂತು. ಅಳೆಯೋದು ಹೇಗೆ? ರೋಗಿಯನ್ನು ಕೇಳಿ, ಅಷ್ಟೇ.

ನಮ್ಮ ಚಿಗವ್ವ ಎಷ್ಟೋ ವರ್ಷದಿಂದ ಇದನ್ನೇ ಹೇಳ್ತಾಳೆ: "ಕೀಲುನೋವು ತಡಕೋಬಹುದಪಾ, ಈ ದಣಿವು ತಡಕೊಳ್ಳಾಕ ಆಗಂಗಿಲ್ಲ." ಕಬ್ಬಿನ ಹೊಲದ ಕೆಲಸ ಇರೋ ಮನೆಯಲ್ಲಿ ಹಗಲು ಮಲಗಿದ ಹೆಣ್ಣುಮಗಳಿಗೆ ಸಿಗೋ ಬಿರುದು ಒಂದೇ, ಆಲಸಿ. ಮಾಧವ ನಿದಾನದಲ್ಲಿ ರೋಗಲಕ್ಷಣವಾಗಿದ್ದ ಪದ ನಮ್ಮ ಬಾಯಲ್ಲಿ ಬೈಗುಳ ಆಗಿದೆ.

ಮುಂದಿನ ಸಲ ಮಿರಜಕ್ಕೋ ಬೆಳಗಾವಿಗೋ ಹೋದಾಗ ದಣಿವಿನ ಬಗ್ಗೆಯೂ ಡಾಕ್ಟರಿಗೆ ಬಿಡಿಸಿ ಹೇಳಿ. ಹಿಮೋಗ್ಲೋಬಿನ್, ಥೈರಾಯ್ಡ್ ನೋಡಬೇಕಾ ಅಂತ ಕೇಳಿ. ನಿಮ್ಮ ಮನೆಯಲ್ಲೂ ಇಂಥವರಿದ್ದರೆ ಅವರ ಅನುಭವ ಬರೆಯಿರಿ.