ಪಾಲು ಕೊಟ್ಟವನಿಗೆ ದಕ್ಕುವ ಅರಿವು: ಫಿಲೆಮೋನ ಪತ್ರಿಕೆಯ 6ನೆಯ ವಚನ

ಪೌಲನ ಪತ್ರಗಳಲ್ಲೆಲ್ಲ ಚಿಕ್ಕದು ಫಿಲೆಮೋನನಿಗೆ ಬರೆದದ್ದು. ಬರೀ 25 ವಚನ. ಫಿಲೆಮೋನನ ನಂಬಿಕೆಯ ಹಂಚಿಕೆ ಎಲ್ಲ ಒಳ್ಳೆಯದರ ಅರಿವಿನಲ್ಲಿ ಫಲಿಸಲಿ ಎಂಬ ಇದರ 6ನೆಯ ವಚನದ ಪ್ರಾರ್ಥನೆಯನ್ನು ಸಾಕ್ಷಿ ಹೇಳಲು ಹೊರಟವರಿಗೆ ಕೊಡುವ ಆಶೀರ್ವಾದದಂತೆ ಓದುವ ರೂಢಿಯಿದೆ. ನಂಬಿಕೆಯನ್ನು ಹಂಚಿದಷ್ಟೂ ಆತ್ಮಿಕ ತಿಳಿವಳಿಕೆ ಬೆಳೆಯುತ್ತದೆ ಎಂಬುದು ಆ ಓದಿನ ತಾತ್ಪರ್ಯ. ಅದು ಪೂರ್ತಿ ತಪ್ಪಲ್ಲ. ಆದರೆ ಇಲ್ಲಿ ಹಂಚುವುದು ಎಂದರೆ ಸಾರುವುದಲ್ಲ, ಪಾಲು ಕೊಡುವುದು ಎಂಬುದು ನನ್ನ ವಾದ.

ಮೂಲದ ಗ್ರೀಕ್ ಪದ ‘ಕೊಯ್ನೋನಿಯ’. ಲೂಕ 5:10ರಲ್ಲಿ ಯಾಕೋಬ, ಯೋಹಾನರು ಸೀಮೋನನ ‘ಕೊಯ್ನೋನೊಯ್’, ಅಂದರೆ ಮೀನುಗಾರಿಕೆಯಲ್ಲಿ ಪಾಲುಗಾರರು. ರೋಮಾಪುರದವರಿಗೆ ಬರೆದ ಪತ್ರದಲ್ಲಿ (15:26) ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣಕ್ಕೇ ಈ ಹೆಸರು. ಕನ್ನಡ ಸಭೆಗಳಲ್ಲಿ ಆರಾಧನೆಯ ಕೊನೆಯ ಆಶೀರ್ವಾದದಲ್ಲಿ ಕೇಳುವ ‘ಅನ್ಯೋನ್ಯತೆ’ಯ ಹಿಂದಿರುವುದೂ ಇದೇ ಪದ. ಅನ್ಯೋನ್ಯತೆಯಲ್ಲಿ ಒಲವು ಕೇಳಿಸುತ್ತದೆ, ಲೆಕ್ಕ ಕೇಳಿಸುವುದಿಲ್ಲ. ‘ಪಾಲುಗಾರಿಕೆ’ಯಲ್ಲಿ ಎರಡೂ ಇವೆ: ಪಾಲು ಕೊಡುವವನ ಕೈಯಿಂದ ಏನಾದರೂ ಬಿಟ್ಟುಹೋಗಲೇಬೇಕು.

ಫಿಲೆಮೋನನ ಕೈಯಿಂದ ಬಿಟ್ಟುಹೋಗಬೇಕಾದದ್ದು ಯಜಮಾನಿಕೆ. ಅವನು ಅನುಕೂಲಸ್ಥ, ಸಭೆ ಕೂಡುವುದೇ ಅವನ ಮನೆಯಲ್ಲಿ. ಅವನ ದಾಸ ಒನೇಸಿಮ ಅವನನ್ನು ಅಗಲಿ ಪೌಲನ ಬಳಿ ಸೇರಿದ್ದಾನೆ. (ಓಡಿಹೋದನೆಂದು ವ್ಯಾಖ್ಯಾನಕಾರರು ಹೇಳುತ್ತ ಬಂದಿದ್ದಾರೆ, ಪತ್ರದಲ್ಲಿ ಆ ಮಾತಿಲ್ಲ.) ಬೇಡಿ ತೊಟ್ಟ ಪೌಲನಿಂದಲೇ ಒನೇಸಿಮನಿಗೆ ನಂಬಿಕೆ ಹುಟ್ಟಿದೆ. ಹಾಗಾದರೆ ಸಾರುವ ಕೆಲಸ ಸೆರೆಯಲ್ಲೇ ಮುಗಿಯಿತು. ಇನ್ನು ಉಳಿದದ್ದು ಫಿಲೆಮೋನನ ಪಾಲಿನ ಕೆಲಸ.

ಪ್ರಾರ್ಥನೆಯ ಪದಗಳು ಪತ್ರದುದ್ದಕ್ಕೂ ಮತ್ತೆ ಮತ್ತೆ ತಲೆಯೆತ್ತುವುದನ್ನು ಗಮನಿಸಬೇಕು. 6ರಲ್ಲಿ ಅರಿಯಬೇಕಾದ ‘ಒಳ್ಳೆಯದು’ 14ರಲ್ಲಿ ‘ನಿನ್ನ ಒಳ್ಳೆಯದು’ ಆಗಿ ಬರುತ್ತದೆ. ಅದು ಬಲವಂತದಿಂದ ಆಗಬಾರದು, ಮನಸಾರೆ ಆಗಬೇಕು. 6ರ ‘ಕೊಯ್ನೋನಿಯ’ 17ರಲ್ಲಿ ‘ಕೊಯ್ನೋನೋಸ್’ ಆಗುತ್ತದೆ: ನಾನು ನಿನ್ನ ಪಾಲುಗಾರನೆನ್ನುವುದಾದರೆ ನನ್ನನ್ನು ಬರಮಾಡಿಕೊಳ್ಳುವಂತೆ ಅವನನ್ನೂ ಬರಮಾಡಿಕೋ ಎಂಬುದು ಅಲ್ಲಿನ ಬೇಡಿಕೆ. ಮರುವಚನದಲ್ಲೇ ಸಾಲದ ಮಾತು: ಅವನಿಂದ ನಷ್ಟವಾಗಿದ್ದರೆ ನನ್ನ ಲೆಕ್ಕಕ್ಕೆ ಹಾಕು. ಮುಂದೆ ಪೌಲನೇ ಸ್ವಂತ ಕೈಯಿಂದ ಬರೆದುಕೊಟ್ಟ ಹೊಣೆಪತ್ರ. ದೈವಿಕ ಅರಿವಿಗಾಗಿ ಬೇಡಿದ ಪ್ರಾರ್ಥನೆ ಸಾಲ-ತೀರುವಳಿಯ ಭಾಷೆಗೆ ಇಳಿದದ್ದನ್ನು ಕೆಲವರು ಕುಸಿತವೆಂದಾರು. ನನಗಂತೂ ಪ್ರಾರ್ಥನೆಗೆ ಕೈಕಾಲು ಮೂಡಿದ್ದು ಇಲ್ಲೇ.

6ರಲ್ಲಿ ‘ಅರಿವು’ ಎಂಬುದಕ್ಕೆ ಪೌಲ ಬಳಸುವ ಪದ ‘ಎಪಿಗ್ನೋಸಿಸ್’. ಇದನ್ನು ಇಲ್ಲಿ ಮನವರಿಕೆ ಎನ್ನುವುದು ವಾಸಿ. ಪೌಲ ಹೇಳುವ ಕ್ರಮವೇ ಬೇರೆ: ಮೊದಲು ಅರಿತು ಆಮೇಲೆ ಹಂಚುವುದಲ್ಲ, ಪಾಲು ಕೊಟ್ಟಲ್ಲಿ ಮನವರಿಕೆ. ದಾಸನನ್ನು ‘ಪ್ರಿಯ ಸಹೋದರ’ನೆಂದು (16) ಬಾಗಿಲಲ್ಲಿ ಎದುರುಗೊಳ್ಳುವ ತನಕ ತನ್ನ ನಂಬಿಕೆಯೊಳಗೆ ಎಂಥ ಒಳಿತಿದೆಯೆಂದು ಫಿಲೆಮೋನನಿಗೇ ಗೊತ್ತಾಗದು.

ಅವನು ಏನು ಮಾಡಿದನೆಂದು ಪತ್ರ ಹೇಳುವುದಿಲ್ಲ. ಆದರೆ 22ನೆಯ ವಚನದಲ್ಲಿ ಪೌಲ ತನಗೊಂದು ಕೋಣೆ ಸಿದ್ಧಮಾಡಿಡಲು ಕೇಳುತ್ತಾನೆ. ಅವನು ಬಂದರೆ ಆ ಮನೆಯಲ್ಲಿ ಒನೇಸಿಮ ಎಲ್ಲಿ ಕೂತಿದ್ದಾನೆಂದು ಕಣ್ಣಾರೆ ನೋಡುತ್ತಾನೆ.